ಹಳೆಯ ಕ್ಯಾರವಾನ್ ಕೊಳ್ಳುವ ಮೊದಲು ಒಂದು ಮಳೆಗಾಲ ಕಾಯಿರಿ

ಪ್ರಶ್ನೆ: ನಾವು ಶಿರಸಿ ಸಮೀಪದ ಹಳ್ಳಿಯವರು. ಮನೆಯಲ್ಲಿ ನಾನು, ಪತ್ನಿ, ಹನ್ನೊಂದು ಮತ್ತು ಏಳು ವರ್ಷದ ಇಬ್ಬರು ಮಕ್ಕಳು ಹಾಗೂ ಎಪ್ಪತ್ತು ದಾಟಿದ ತಾಯಿ. ಅಡಿಕೆ ಕೊಯ್ಲು ಮುಗಿದು ಮಕ್ಕಳಿಗೆ ಬೇಸಿಗೆ ರಜೆ ಬಂದಾಗ ಕುಟುಂಬ ಸಮೇತ ಊರೂರು ತಿರುಗುವ ಆಸೆಯಿದೆ. ಗೋಕರ್ಣದ ಹತ್ತಿರ ತೆಂಗಿನ ತೋಟವೊಂದರಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಹಳೆಯ ಕ್ಯಾರವಾನ್ ಮಾರಾಟಕ್ಕಿದೆ. 1980ರ ದಶಕದ್ದಂತೆ, ಯಾರೋ ವಿದೇಶಿಯರು ಬಿಟ್ಟುಹೋದದ್ದಂತೆ. ಸುಮಾರು 14 ಅಡಿ ಉದ್ದ, ಒಂದೇ ಆಕ್ಸಲ್, ಹೊರಗೆಲ್ಲ ಹೊಸ ಬಣ್ಣ. ‘ವಿಂಟೇಜ್ ಗಾಡಿ, ಆರ್‌ಸಿ ಬೇಕಾಗಿಲ್ಲ’ ಎನ್ನುತ್ತಾರೆ ಮಾರುವವರು. ನಮ್ಮ ಜೀಪಿನ ಆರ್‌ಸಿಯಲ್ಲಿ ಖಾಲಿ ತೂಕ 1615 ಕೆ.ಜಿ. ಎಂದಿದೆ. ಕೊಳ್ಳಬಹುದೇ? ಏನೇನು ನೋಡಬೇಕು?

ಉತ್ತರ: ಮುಂಗಡ ಕೊಟ್ಟಿಲ್ಲವೆಂದು ಭಾವಿಸಿ ಬರೆಯುತ್ತಿದ್ದೇನೆ. ಕೊಟ್ಟಿಲ್ಲವಾದರೆ ಸದ್ಯಕ್ಕೆ ಕೊಡಬೇಡಿ. ನಿಮ್ಮ ಪತ್ರದಲ್ಲಿ ಗಾಡಿಯ ಸ್ಥಿತಿಗಿಂತ ಹೆಚ್ಚು ಆತಂಕ ಹುಟ್ಟಿಸುವುದು ‘ಆರ್‌ಸಿ ಬೇಕಾಗಿಲ್ಲ’ ಎಂಬ ಮಾತು. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಬ್ರಿಟನ್ನಿನಲ್ಲಿ ಕಾರಿನ ಹಿಂದೆ ಎಳೆಯುವ ಕ್ಯಾರವಾನಿಗೆ ಪ್ರತ್ಯೇಕ ನೋಂದಣಿ ಇರುವುದಿಲ್ಲ. ಎಳೆಯುವ ಕಾರಿನ ಸಂಖ್ಯೆಯ ಫಲಕವನ್ನೇ ಅದರ ಬೆನ್ನಿಗೂ ಹಾಕಿಕೊಂಡು ಓಡಿಸುತ್ತಾರೆ. ನಮ್ಮಲ್ಲಿ ಹಾಗಲ್ಲ. 1988ರ ಮೋಟಾರು ವಾಹನ ಕಾಯಿದೆಯು ‘ಮೋಟಾರು ವಾಹನ’ ಎಂಬುದಕ್ಕೆ ಕೊಡುವ ವ್ಯಾಖ್ಯೆಯಲ್ಲೇ ಟ್ರೇಲರ್ ಕೂಡ ಸೇರಿದೆ. ಎಂಜಿನ್ ಇಲ್ಲದಿದ್ದರೂ ಅದಕ್ಕೆ ತನ್ನದೇ ಚಾಸಿ ಸಂಖ್ಯೆ, ತನ್ನದೇ ನೋಂದಣಿ, ತನ್ನದೇ ವಿಮೆ ಇರಬೇಕು. ‘ವಿಂಟೇಜ್’ ಎಂಬ ಪದವೂ ಇಲ್ಲಿ ನೆರವಿಗೆ ಬಾರದು. 2021ರಲ್ಲಿ ಬಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಸಂದವುಗಳನ್ನೂ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. 1980ರ ದಶಕದ ಎರಡು ಚಕ್ರದ ಟ್ರೇಲರ್ ಕಾನೂನಿನ ದೃಷ್ಟಿಯಲ್ಲಿ ಹಳೆಯ ಟ್ರೇಲರ್ ಅಷ್ಟೇ.

ಇನ್ನೊಂದು ಗಂಟು ಇದಕ್ಕಿಂತ ಬಿಗಿಯಾದದ್ದು. ರಸ್ತೆ ಮಾರ್ಗವಾಗಿ ಅಥವಾ ಹಡಗಿನಲ್ಲಿ ಸ್ವಂತ ವಾಹನ ತರುವ ವಿದೇಶಿ ಪ್ರವಾಸಿಗರು ಸಾಮಾನ್ಯವಾಗಿ ‘ಕಾರ್ನೆ’ ಎಂಬ ದಾಖಲೆಯ ಮೇಲೆ ಒಳಗೆ ಬರುತ್ತಾರೆ. ನಿಗದಿತ ಅವಧಿಯೊಳಗೆ ವಾಹನವನ್ನು ದೇಶದಿಂದ ಹೊರಗೆ ಒಯ್ಯುತ್ತೇವೆ ಎಂಬ ಭರವಸೆಯ ಮೇಲೆ ಸೀಮಾಸುಂಕವಿಲ್ಲದೆ ಬಿಡುವ ವ್ಯವಸ್ಥೆ ಅದು. ಹಾಗೆ ಬಂದ ಗಾಡಿ ತೆಂಗಿನ ತೋಟದಲ್ಲೇ ಉಳಿದಿದ್ದರೆ ಅದರ ಮೇಲಿನ ಸುಂಕ ಬಾಕಿಯಿದೆ ಎಂದೇ ಅರ್ಥ, ಮತ್ತು ಅದನ್ನು ಮಾರುವ ಹಕ್ಕು ಈಗ ಮಾರಲು ಹೊರಟವರಿಗೆ ಇದೆಯೇ ಎಂಬುದೇ ಪ್ರಶ್ನೆಯಾಗುತ್ತದೆ. ಈಗ ಹೊಸದಾಗಿ ಆಮದು ಮಾಡಿದಂತೆ ತೋರಿಸಿ ಸರಿಪಡಿಸೋಣವೆಂದರೂ ದಾರಿಯಿಲ್ಲ. ಮೂರು ವರ್ಷಕ್ಕಿಂತ ಹಳೆಯ ಬಳಸಿದ ವಾಹನಗಳನ್ನು ಸಾಮಾನ್ಯವಾಗಿ ಆಮದು ಮಾಡುವಂತಿಲ್ಲ.

ಆದ್ದರಿಂದ ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ. ಭಾರತದ ಯಾವುದಾದರೂ ರಾಜ್ಯದ ಆರ್‌ಸಿ ಇದೆಯೇ, ಇದ್ದರೆ ಅದರಲ್ಲಿರುವ ಚಾಸಿ ಸಂಖ್ಯೆ ಗಾಡಿಯ ಮೇಲೆ ಕೊರೆದ ಸಂಖ್ಯೆಗೆ ಅಕ್ಷರಕ್ಕೆ ಅಕ್ಷರ ಹೊಂದುತ್ತದೆಯೇ ಎಂದು ನೋಡಿ. ಆರ್‌ಸಿ ಗೋವಾದ್ದಾಗಿದ್ದರೆ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಅದು 28ನೇ ನಮೂನೆ. ಒಡೆತನ ಬದಲಾವಣೆಗೆ 29 ಮತ್ತು 30ನೇ ನಮೂನೆಗಳು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುವುದರಿಂದ, ಆ ಬಳಿಕ ಐದೈದು ವರ್ಷಕ್ಕೆ ನವೀಕರಣವಾಗಿದೆಯೇ ಎಂಬುದನ್ನೂ ಗಮನಿಸಿ. ಇವೆಲ್ಲ ಸರಿಯಿದ್ದರೆ ಪ್ರತಿಯೊಂದರ ನಕಲು ಹಿಡಿದು, ಕೊಳ್ಳುವ ಮೊದಲೇ ಶಿರಸಿಯ ಆರ್‌ಟಿಒ ಕಚೇರಿಗೆ ಒಮ್ಮೆ ಹೋಗಿ ಕೇಳಿ. ಕೆಎ-31 ಸಂಖ್ಯೆಗೆ ಬದಲಿಸಿಕೊಡುತ್ತೇವೆ, ಇಷ್ಟು ತೆರಿಗೆ ಬೀಳುತ್ತದೆ ಎಂದು ಅವರ ಬಾಯಿಂದ ಬಂದರೆ ಮಾತ್ರ ಮುಂದಿನ ಮಾತು. ಕಾಗದವಿಲ್ಲದ ಗಾಡಿಯನ್ನು ಪುಕ್ಕಟೆ ಕೊಟ್ಟರೂ ಅದು ಅಂಗಳದಲ್ಲಿ ನಿಲ್ಲಿಸುವ ಹೊರಕೋಣೆಯಾದೀತೇ ಹೊರತು ಪ್ರಯಾಣದ ವಾಹನವಾಗದು.

ಕಾಗದ ಸರಿಯಿದೆ ಎಂದಿಟ್ಟುಕೊಳ್ಳೋಣ. ಇನ್ನು ಗಾಡಿ. ನೀವು ಇದನ್ನು ವಾಹನವೆಂದು ನೋಡುತ್ತಿದ್ದೀರಿ. ನನ್ನ ಅನುಭವದಲ್ಲಿ ಇದನ್ನು ಕರಾವಳಿಯ ಹಳೆಯ ಮರದ ಮನೆ ಕೊಳ್ಳುವಂತೆ ನೋಡಬೇಕು. ಆ ಕಾಲದ ಬಹುತೇಕ ಕ್ಯಾರವಾನುಗಳ ಹೊರಮೈ ತೆಳು ಅಲ್ಯೂಮಿನಿಯಂ ತಗಡು, ಒಳಮೈ ತೆಳು ಪ್ಲೈವುಡ್, ನಡುವೆ ಪೈನ್‌ನಂಥ ಮೆದು ಮರದ ಪಟ್ಟಿಗಳ ಚೌಕಟ್ಟು. ಭಾರ ಹೊರುವುದು ಆ ಚೌಕಟ್ಟು, ಕಣ್ಣಿಗೆ ಕಾಣದಿರುವುದೂ ಅದೇ. ತಗಡಿನ ಎರಡು ಹಾಳೆ ಸೇರುವ ಮೂಲೆಗಳಲ್ಲಿ ಅಂಟು ಒಣಗಿ ಬಿರುಕು ಬಿಟ್ಟಿತೆಂದರೆ ನೀರು ಒಳಗಿಳಿದು ಮರವನ್ನು ತಿನ್ನಲಾರಂಭಿಸುತ್ತದೆ, ಮತ್ತು ನಮ್ಮ ಕರಾವಳಿಯ ಮಳೆಗೆ ಅದು ಹತ್ತು ವರ್ಷ ಕಾಯಬೇಕಾಗಿಲ್ಲ. ಸಾಲದ್ದಕ್ಕೆ ಉಪ್ಪುಗಾಳಿ. ಅಲ್ಯೂಮಿನಿಯಂ ತಗಡಿಗೆ ಕಬ್ಬಿಣದ ಸ್ಕ್ರೂ ಹೊಡೆದಲ್ಲಿ ಉಪ್ಪಿನ ತೇವ ಸೇರಿದರೆ ಎರಡು ಲೋಹಗಳ ನಡುವೆ ಬ್ಯಾಟರಿಯೊಳಗೆ ನಡೆಯುವಂಥದೇ ಕ್ರಿಯೆ ನಡೆದು, ಸ್ಕ್ರೂವಿನ ಸುತ್ತ ಅಲ್ಯೂಮಿನಿಯಂ ಬಿಳಿಯ ಹುಡಿಯಾಗಿ ಉದುರುತ್ತದೆ. ಸಮುದ್ರದ ಬದಿಯ ತೆಂಗಿನ ತೋಟದಲ್ಲಿ ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಇದು ಇಲ್ಲದಿದ್ದರೆ ಆಶ್ಚರ್ಯ.

ನಾನೂ ಒಮ್ಮೆ ಮೋಸಹೋದವನೇ. ಹಲವು ವರ್ಷಗಳ ಹಿಂದೆ ಮಾರ್ಚ್ ತಿಂಗಳ ಒಣಹವೆಯಲ್ಲಿ ಇಂಥದೇ ಒಂದು ಟ್ರೇಲರನ್ನು ನೋಡಿ, ಒಳಗಿನ ಹೊಸ ಗೋಡೆಕಾಗದಕ್ಕೆ ಮರುಳಾಗಿ ಕೊಂಡೆ. ಜೂನ್ ಎರಡನೆಯ ವಾರ ಛಾವಣಿಯ ದೀಪದ ಗಾಜಿನ ಬಟ್ಟಲಲ್ಲಿ ಚಹದ ಬಣ್ಣದ ನೀರು ನಿಂತಿತ್ತು. ಕಿಟಕಿಯ ಕೆಳಗಿನ ಪ್ಲೈ ಬಿಚ್ಚಿದಾಗ ಮರದ ಪಟ್ಟಿ ಇರಬೇಕಾದಲ್ಲಿ ನೆನೆದ ಅವಲಕ್ಕಿಯಂಥ ಕಂದು ರಾಶಿ ಕೈಗೆ ಬಂತು. ಅದನ್ನು ಹಿಡಿದಿದ್ದ ಸ್ಕ್ರೂ ಬೆರಳಲ್ಲಿ ಎಳೆದರೆ ಸದ್ದಿಲ್ಲದೆ ಈಚೆ ಬಂತು. ಗೋಡೆಕಾಗದವೊಂದೇ ಆ ಗೋಡೆಯನ್ನು ನಿಲ್ಲಿಸಿತ್ತು. ಅಂದಿನಿಂದ ಹೊಸ ಬಣ್ಣ, ಹೊಸ ಕಾಗದ, ಜೋರಾದ ಊದುಬತ್ತಿಯ ಪರಿಮಳ ಈ ಮೂರನ್ನೂ ನಾನು ಗುಣವೆಂದು ಎಣಿಸುವುದಿಲ್ಲ. ನಿಮ್ಮ ಗಾಡಿಗೂ ಹೊರಗೆಲ್ಲ ಹೊಸ ಬಣ್ಣವಿದೆ ಎಂದು ಬರೆದಿದ್ದೀರಿ. ಬಣ್ಣದ ಕೆಳಗೆ ಪುಟ್ಟಿ ತುಂಬಿದ ಜಾಗಗಳೆಷ್ಟು ಎಂದು ಕೇಳಿ, ಉತ್ತರ ನಂಬದೆ ತಟ್ಟಿ ನೋಡಿ.

ಪರೀಕ್ಷೆಗೆ ದುಬಾರಿ ಉಪಕರಣವೇನೂ ಬೇಡ. ಒಳ್ಳೆಯ ಟಾರ್ಚು, ಚೀಲ ಹೊಲಿಯುವ ದಬ್ಬಳ, ಒಂದು ಏಣಿ ಸಾಕು. ಹಲಸಿನಕಾಯಿ ಬಲಿತಿದೆಯೇ ಎಂದು ತಟ್ಟಿ ನೋಡುವಂತೆ ಬೆರಳ ಗೆಣ್ಣಿನಿಂದ ಗೋಡೆಯುದ್ದಕ್ಕೂ ತಟ್ಟುತ್ತ ಬನ್ನಿ. ಗಟ್ಟಿ ಸದ್ದು ಒಮ್ಮೆಲೇ ಮಂದವಾದಲ್ಲಿ ಹೆಬ್ಬೆರಳಿನಿಂದ ಒತ್ತಿ. ಪ್ಲೈ ಒಳಗೆ ತಗ್ಗಿದರೆ ಅಲ್ಲಿ ಮರವಿಲ್ಲ. ಕಿಟಕಿಗಳ ಕೆಳಗಿನ ಎರಡೂ ಮೂಲೆ, ಮುಂದಿನ ಮತ್ತು ಹಿಂದಿನ ಗೋಡೆ ಛಾವಣಿಗೆ ಸೇರುವ ಸಾಲು, ಬಾಗಿಲ ಹೊಸ್ತಿಲು, ಬೀರುವಿನ ಒಳಮೂಲೆ, ಹಾಸಿಗೆಯ ಕೆಳಗಿನ ಪೆಟ್ಟಿಗೆ ಇವಿಷ್ಟನ್ನು ಬಿಡಬೇಡಿ. ಮಾರುವವರ ಒಪ್ಪಿಗೆ ಪಡೆದು, ಕಾಣದ ಕಡೆ ದಬ್ಬಳ ಚುಚ್ಚಿ. ಬೆಣ್ಣೆಗೆ ಚುಚ್ಚಿದಂತೆ ಇಳಿಯಬಾರದು. ತೇವ ಅಳೆಯುವ ಮೀಟರ್ ಯಾರಲ್ಲಾದರೂ ಇದ್ದರೆ ಒಳ್ಳೆಯದೇ. ಸಾಮಾನ್ಯವಾಗಿ 15 ಶತಾಂಶದೊಳಗೆ ನೆಮ್ಮದಿ, 20 ದಾಟಿದರೆ ಒಳಗೆ ನೀರು ಬರುತ್ತಿದೆ ಎಂದರ್ಥ. ಆದರೆ ನಮ್ಮ ಕಡೆ ಮಳೆಗಾಲದ ಹವೆಗೆ ಒಣ ಮರವೂ ಕೊಂಚ ಹೆಚ್ಚು ತೋರಿಸುವುದರಿಂದ ಅಂಕಿಗಿಂತ ಒಂದು ಜಾಗಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಹೆಚ್ಚು ಹೇಳುತ್ತದೆ. ನೆಲದ ಮೇಲೆ ಹಿಮ್ಮಡಿ ಊರಿ ನಡೆಯಿರಿ. ನೆಲ ಜೋಲಿದಂತೆ, ಕಿರುಗುಟ್ಟಿದಂತೆ ಆದರೆ ಪದರಗಳು ಅಂಟು ಬಿಟ್ಟಿವೆ. ವರಲೆಯ (ಗೆದ್ದಲಿನ) ಮಣ್ಣಿನ ಗೆರೆ ಚಕ್ರದಿಂದಲೋ ಗಾಡಿಯನ್ನು ನೆಲಕ್ಕೆ ಊರಿ ನಿಲ್ಲಿಸುವ ಊರುಗೋಲಿನಿಂದಲೋ ಮೇಲೇರಿದೆಯೇ ಎಂದು ಕೆಳಗೆ ಮಲಗಿಯೇ ನೋಡಬೇಕು.

ಇದಾವುದೂ ಒಂದು ಒಳ್ಳೆಯ ಮಳೆಯಷ್ಟು ನಿಜ ಹೇಳುವುದಿಲ್ಲ. ಹಳೆ ಮನೆಯನ್ನು ಆಷಾಢದಲ್ಲಿ ನೋಡಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದಕ್ಕೂ ಸರಿ. ಸಾಧ್ಯವಾದರೆ ಜೂನ್ ಕೊನೆಗೆ, ಮೂರು ನಾಲ್ಕು ದಿನ ಬಿಡದೆ ಸುರಿದ ಮೇಲೆ ಗೋಕರ್ಣಕ್ಕೆ ಹೋಗಿ, ಬಾಗಿಲು ತೆಗೆಸಿ, ಮೊದಲ ಉಸಿರಿನಲ್ಲೇ ವಾಸನೆ ನೋಡಿ. ಆದರೆ ಮಳೆಗಾಲದಲ್ಲಿ ನೋಡಿ, ತರಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದೂ, ಮೂರು ವಾರದಲ್ಲಿ, ಆಗಸ್ಟ್ 7ರಂದು, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿದ್ದದ್ದೂ ನಿಮಗೆ ನೆನಪಿರುತ್ತದೆ. ಹಿಂದಕ್ಕೆ ಸುಲಭವಾಗಿ ತಿರುಗಿಸಲಾಗದ ಗಾಡಿಯೊಡನೆ ಆ ದಿನಗಳಲ್ಲಿ ರಸ್ತೆಗಿಳಿಯುವುದು ಬೇಡ.

ಮರದ ಕೆಲಸ ಅಲ್ಪಸ್ವಲ್ಪವಿದ್ದರೆ ಹೆದರಬೇಕಾಗಿಲ್ಲ. ಈ ಜಿಲ್ಲೆಯಲ್ಲಿ ಅದಕ್ಕೆ ಬೇಕಾದ ಕೈಗಳಿವೆ, ಕಾರು ಗ್ಯಾರೇಜಿನಲ್ಲಲ್ಲ, ಬಂದರಿನಲ್ಲಿ. ಕಾರವಾರದ ಬೈತಖೋಲ, ತದಡಿ, ಹೊನ್ನಾವರದ ಕಡೆ ಮೀನುಗಾರಿಕೆ ದೋಣಿಗಳಿಗೆ ಫೈಬರ್ ಹಾಕುವವರು ನೀರು ಒಳಗೆ ಬರುವ ದಾರಿಯನ್ನು ನಮಗಿಂತ ಚೆನ್ನಾಗಿ ಬಲ್ಲರು. ಅಂಟು ಬಿಟ್ಟ ನೆಲಕ್ಕೆ ಸಣ್ಣ ತೂತು ಕೊರೆದು ರೆಸಿನ್ ಇಳಿಸಿ ಭಾರವಿಟ್ಟು ಒತ್ತುವುದು, ಕೊಳೆತ ಪಟ್ಟಿ ತೆಗೆದು ಹೊಸತು ಕೂರಿಸುವುದು ಅವರಿಗೆ ದಿನನಿತ್ಯದ ಕೆಲಸ. ಒಂದು ಎಚ್ಚರ: ತಗಡಿನ ಸೇರುವೆಗಳಿಗೆ ವಿನೆಗರಿನಂತೆ ಹುಳಿ ವಾಸನೆ ಬರುವ ಸಿಲಿಕೋನ್ ಹಚ್ಚಲು ಬಿಡಬೇಡಿ, ಅದು ಲೋಹವನ್ನು ತಿನ್ನುತ್ತದೆ. ಸೇರುವೆ ಮುಚ್ಚುವ ಲೋಹದ ಪಟ್ಟಿ ಬಿಚ್ಚಿ, ಹಳೆಯ ಅಂಟು ಕೆರೆದು, ಬ್ಯುಟೈಲ್ ಎಂಬ ರಬ್ಬರಿನಂಥ ಅಂಟುಪಟ್ಟಿ ಇಟ್ಟು, ಸ್ಟೇನ್‌ಲೆಸ್ ಸ್ಕ್ರೂವಿನಿಂದ ಮತ್ತೆ ಕೂರಿಸಬೇಕು. ಒಲೆಯ ಹಿಂದೆ ಬೂದು ಬಣ್ಣದ ಗಡಸು ಹಲಗೆ ಕಂಡರೆ ಅದು ಕಲ್ನಾರಿನದ್ದು (ಆಸ್ಬೆಸ್ಟಾಸ್) ಇರಬಹುದು. ಅದಕ್ಕೆ ಗರಗಸ ಹಾಕಿಸಬೇಡಿ. ಆದರೆ ಎರಡಕ್ಕಿಂತ ಹೆಚ್ಚು ಗೋಡೆ ಮೆದುವಾಗಿದ್ದರೆ ಕೈಬಿಡಿ. ಅಲ್ಲಿಗೆ ಅದು ದುರಸ್ತಿಯಲ್ಲ, ಹೊಸತಾಗಿ ಕಟ್ಟುವುದು.

ತೂಕದ ಲೆಕ್ಕಕ್ಕೆ ಬರೋಣ. ಹೊಸಬರು ತಮ್ಮ ವಾಹನದ ಖಾಲಿ ತೂಕದ 85 ಶತಾಂಶಕ್ಕಿಂತ ಭಾರದ, ಸಾಮಾನು ತುಂಬಿದ ಕ್ಯಾರವಾನ್ ಎಳೆಯಬಾರದು ಎಂಬುದು ಬ್ರಿಟನ್ನಿನಲ್ಲಿ ರೂಢಿಯಲ್ಲಿರುವ ಸಲಹೆ. ನಿಮ್ಮ ಜೀಪಿಗೆ ಅದು ಸುಮಾರು 1370 ಕೆ.ಜಿ. ಆಗುತ್ತದೆ. 14 ಅಡಿಯ ಗಾಡಿ ಸಾಮಾನು ಸೇರಿ 1000 ಕೆ.ಜಿ. ಆಸುಪಾಸಿನಲ್ಲಿ ನಿಲ್ಲಬಹುದಾದ್ದರಿಂದ ಮೇಲ್ನೋಟಕ್ಕೆ ಸರಿ. ಆದರೆ ನೀರು ಕುಡಿದ ಮರ ಭಾರ, ನೂರು ಲೀಟರಿನ ತೊಟ್ಟಿ ತುಂಬಿದರೆ ಇನ್ನೂ ನೂರು ಕೆ.ಜಿ. ಹಾಗಾಗಿ ವೇಬ್ರಿಡ್ಜಿನಲ್ಲಿ ತೂಗಿಸಿಯೇ ನಂಬಿ. ಇದಕ್ಕೂ ಮೊದಲು ನಿಮ್ಮ ಜೀಪಿನ ಕೈಪಿಡಿಯಲ್ಲಿ ಎಳೆಯಬಹುದಾದ ಭಾರ ಎಷ್ಟೆಂದು ಬರೆದಿದೆಯೇ ನೋಡಿ. ನಮ್ಮ ದೇಶದಲ್ಲಿ ಮಾರುವ ಎಷ್ಟೋ ಗಾಡಿಗಳ ಕೈಪಿಡಿ ಆ ಬಗ್ಗೆ ಮೌನವಾಗಿರುತ್ತದೆ. ಹಾಗಿದ್ದರೆ ಕಂಪನಿಯಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಬೇಡವೆಂದು ಬರೆದಿದ್ದರೆ ಈ ವಿಷಯ ಅಲ್ಲಿಗೆ ಮುಗಿಯಿತು.

ಕೊಂಡಿಯ ಮೇಲೆ ಬೀಳುವ ಭಾರ ಕ್ಯಾರವಾನಿನ ಒಟ್ಟು ತೂಕದ 5ರಿಂದ 7 ಶತಾಂಶ ಇರಬೇಕು, ಎಂದರೆ 1000 ಕೆ.ಜಿ.ಗೆ 50ರಿಂದ 70. ಹೆಚ್ಚುಕಡಿಮೆ ಒಂದು ಅಡಿಕೆ ಚೀಲದ ಭಾರ. ಭಾರವೆಲ್ಲ ಹಿಂದಕ್ಕೆ ಸೇರಿ ಮೂಗು ಹಗುರಾದರೆ ವೇಗ ಹೆಚ್ಚಿದಂತೆ ಗಾಡಿ ಹಾವಿನಂತೆ ಹೊಯ್ದಾಡತೊಡಗುತ್ತದೆ, ಮತ್ತು ಆಗ ಗಾಬರಿಯಿಂದ ಸ್ಟಿಯರಿಂಗ್ ತಿರುಗಿಸಿದವರು ರಸ್ತೆಯ ಮೇಲೆ ಉಳಿಯುವುದು ಕಷ್ಟ. ನೀರಿನ ಕ್ಯಾನು, ಅಕ್ಕಿ, ಪಾತ್ರೆಗಳು ಆಕ್ಸಲಿನ ಆಸುಪಾಸಿನಲ್ಲಿ, ನೆಲಮಟ್ಟದಲ್ಲೇ ಇರಲಿ. ಕೊಂಡಿಯ ಗುಂಡು ಯುರೋಪಿನ ಗಾಡಿಗೆ 50 ಮಿ.ಮೀ.; ಅಮೆರಿಕದ ಎರಡು ಇಂಚಿನದು 50.8. ಕಣ್ಣಿಗೆ ಒಂದೇ ತೋರುವ ಇವೆರಡನ್ನು ವರ್ನಿಯರ್ ಹಿಡಿದು ಅಳೆಯಬೇಕು. ಟ್ರ್ಯಾಕ್ಟರ್ ಟ್ರಾಲಿಗೆ ಹಾಕುವ ಪಿನ್ನಿನ ಕೊಂಡಿ ಬೆಸೆಯಿಸಿಕೊಂಡು ಹೋಗೋಣವೆಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದುಬನ್ನಿ.

ಬ್ರೇಕಿನ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಿಮ್ಮ ಮನೆ ಘಟ್ಟದ ಮೇಲಿದೆ. ಶಿರಸಿಯಿಂದ ಕುಮಟಾಕ್ಕೆ ಬರುವಾಗ 500 ಮೀಟರಿಗೂ ಹೆಚ್ಚು ಇಳಿಯುತ್ತೀರಿ. 1000 ಕೆ.ಜಿ. ಗಾಡಿ 500 ಮೀಟರ್ ಇಳಿದಾಗ ಬ್ರೇಕು ಮತ್ತು ಎಂಜಿನ್ ಸೇರಿ ನುಂಗಬೇಕಾದ ಶಕ್ತಿ ಸುಮಾರು 15 ಲೀಟರ್ ನೀರನ್ನು ಕುದಿಸುವಷ್ಟು, ಅದೂ ಕ್ಯಾರವಾನಿನದ್ದೊಂದೇ. ಈ ಗಾಡಿಗಳ ಬ್ರೇಕು ಸಾಮಾನ್ಯವಾಗಿ ನೂಕುಬ್ರೇಕು: ಮುಂದಿನ ವಾಹನ ನಿಧಾನವಾದಾಗ ಹಿಂದಿನದು ಕೊಂಡಿಯನ್ನು ಒತ್ತುತ್ತದೆ, ಆ ಒತ್ತಡವೇ ಸರಳಿನ ಮೂಲಕ ಡ್ರಮ್ಮಿನ ಒಳಗಿನ ಶೂಗಳನ್ನು ಅಗಲಿಸುತ್ತದೆ. ವರ್ಷಗಟ್ಟಲೆ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ ಗಾಡಿಯಲ್ಲಿ ಶೂ ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಂಡಿರುತ್ತದೆ, ಕೊಂಡಿಯ ಒಳಗೆ ಹೊಡೆತ ತಗ್ಗಿಸುವ ಡ್ಯಾಂಪರ್ ಸತ್ತಿರುತ್ತದೆ. ಡ್ರಮ್ ಬಿಚ್ಚಿ ಲೈನಿಂಗ್, ಬೇರಿಂಗ್, ಸೀಲು ನೋಡದೆ ಒಂದು ಕಿಲೋಮೀಟರ್ ಕೂಡ ಎಳೆಯಬೇಡಿ. ಮೊದಲ ಸಲ ಶಿರಸಿಗೆ ತರುವಾಗ ಲಾರಿಯ ಮೇಲೇರಿಸಿ ತರುವುದೇ ಕ್ಷೇಮ. ಕೊಂಡಿ ಕಳಚಿದರೆ ತಾನಾಗಿ ಬ್ರೇಕು ಎಳೆಯುವ ತಂತಿ ಇದೆಯೇ ಎಂಬುದನ್ನೂ ನೋಡಿ. ಟೈರುಗಳ ಗೆರೆ ಚೆನ್ನಾಗಿದ್ದರೂ ವಯಸ್ಸಾಗಿರುತ್ತದೆ. ಪಕ್ಕದ ನಾಲ್ಕಂಕಿಯ ಗುರುತಿನಲ್ಲಿ 2314 ಎಂದಿದ್ದರೆ ಅದು 2014ರ 23ನೆಯ ವಾರದ ಟೈರು, ಎಸೆಯತಕ್ಕದ್ದು.

ರಸ್ತೆಗೆ ಸಿದ್ಧವಾದ ಮೇಲೂ ಕುಮಟಾ ದಾರಿಯ ದೇವಿಮನೆ ಘಟ್ಟವನ್ನು ಮೊದಲ ಪಾಠವಾಗಿ ಇಟ್ಟುಕೊಳ್ಳಬೇಡಿ. ನಾನಾದರೆ ಬಳಸುದಾರಿಯಾದರೂ ಯಲ್ಲಾಪುರಕ್ಕೆ ಹೋಗಿ, ಲಾರಿಗಳು ಓಡುವ ಅರಬೈಲ್ ಘಟ್ಟದಲ್ಲಿ ಇಳಿಯುತ್ತೇನೆ. ಹತ್ತುವಾಗ ಬಳಸುವ ಗೇರಿನಲ್ಲೇ ಇಳಿಯುವುದು, ಬ್ರೇಕನ್ನು ಸವರುತ್ತ ಬರದೆ ಒಮ್ಮೆ ಒತ್ತಿ ಬಿಡುವುದು, ಕೆಳಗೆ ತಲುಪಿ ನಿಂತಾಗ ಕಾದ ಡ್ರಮ್ಮಿಗೆ ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರಕ್ಕೆ ಕಲ್ಲು ಕೊಡುವುದು, ಇಷ್ಟು ರೂಢಿಯಾಗಬೇಕು. ಗಾಡಿ ಓಡುವಾಗ ಕ್ಯಾರವಾನಿನೊಳಗೆ ಯಾರೂ ಇರಬಾರದು. ಅಜ್ಜಿಗೆ ಮಲಗಬೇಕೆನಿಸಿದರೂ ಇಲ್ಲ, ಮಕ್ಕಳು ಹಟ ಹಿಡಿದರೂ ಇಲ್ಲ.

ಬಾಗಿಲು ಯಾವ ಬದಿಗಿದೆ ಎಂದು ನೀವು ಬರೆದಿಲ್ಲ. ಬ್ರಿಟನ್ನಿನ ಗಾಡಿಗೆ ಎಡಕ್ಕಿರುತ್ತದೆ, ನಮಗೆ ಅದೇ ಬೇಕು. ಯುರೋಪಿನ ಇತರ ದೇಶಗಳದ್ದಾದರೆ ಬಲಕ್ಕಿದ್ದು, ರಸ್ತೆ ಬದಿ ನಿಲ್ಲಿಸಿದಾಗ ಏಳು ವರ್ಷದ ಮಗು ನೇರ ವಾಹನಗಳ ನಡುವೆ ಇಳಿಯುತ್ತದೆ. ತಾಯಿಯವರನ್ನು ಒಮ್ಮೆ ಕರೆದೊಯ್ದು ಆ ಮೆಟ್ಟಿಲು ಹತ್ತಿಸಿ, ಶೌಚದ ಮೂಲೆಯಲ್ಲಿ ಬಾಗಿಲು ಹಾಕಿಕೊಂಡು ತಿರುಗಿ ನಿಲ್ಲಲು ಸಾಧ್ಯವೇ ಎಂದು ಕೇಳಿ. ಐದು ಜನ ಮಲಗಬಹುದೆಂಬ ಮಾತು ಎಷ್ಟೋ ವೇಳೆ ಇಬ್ಬರು ದೊಡ್ಡವರು ಮತ್ತು ಮೂವರು ಚಿಕ್ಕವರ ಲೆಕ್ಕವಾಗಿರುತ್ತದೆ. ಅನಿಲ ಒಲೆಯಿದ್ದರೆ ನೆಲದಲ್ಲಿರುವ ಗಾಳಿಕಿಂಡಿಯನ್ನು ಜಿರಳೆ ಬರುತ್ತದೆಂದು ಯಾರಾದರೂ ಮುಚ್ಚಿದ್ದಾರೆಯೇ ನೋಡಿ. ಸೋರಿದ ಅಡುಗೆ ಅನಿಲ ಗಾಳಿಗಿಂತ ಭಾರವಾಗಿ ಕೆಳಗೆ ಕೂರುವುದರಿಂದ ಅದು ಹೊರಹೋಗಲು ಇರುವ ದಾರಿ ಆ ಕಿಂಡಿಯೇ. ಹಳೆಯ ರಬ್ಬರ್ ಕೊಳವೆ, ರೆಗ್ಯುಲೇಟರ್ ಎರಡನ್ನೂ ಬದಲಿಸಿ, 5 ಕೆ.ಜಿ.ಯ ಸಿಲಿಂಡರ್ ಇಟ್ಟುಕೊಳ್ಳಿ.

ರಾತ್ರಿ ಎಲ್ಲಿ ನಿಲ್ಲಿಸುವುದು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡು ಹೊರಡಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಾಗಲಿ ಬೇರೆ ಕಾಡಿನಲ್ಲಾಗಲಿ ಮನಸ್ಸಿಗೆ ಬಂದಲ್ಲಿ ಬೀಡುಬಿಡುವಂತಿಲ್ಲ. ಕಡಲತೀರದ ಮರಳಿಗೆ ಇಳಿಸಿದ ಗಾಡಿಯಂತೂ ಜೆಸಿಬಿ ಬರುವವರೆಗೆ ಮೇಲೆ ಬಾರದು. ಪರಿಚಯದ ಹೋಂಸ್ಟೇ, ದೇವಸ್ಥಾನದ ಬಯಲು, ನೆಂಟರ ಅಂಗಳ ಇವೇ ನಿಮ್ಮ ತಾಣಗಳು.

ವಿಮೆಯಲ್ಲಿ ಟ್ರೇಲರಿನ ಹೆಸರು ಮತ್ತು ಚಾಸಿ ಸಂಖ್ಯೆ ನಮೂದಾಗಲೇಬೇಕು.

ಇಷ್ಟನ್ನೂ ದಾಟಿ ಆ ಗಾಡಿ ನಿಮ್ಮದಾದರೆ, ವರ್ಷದ ಎಂಟು ಹತ್ತು ತಿಂಗಳು ಅದು ನಿಂತೇ ಇರುತ್ತದೆ ಎಂಬುದನ್ನು ಮರೆಯಬೇಡಿ. ಟಾರ್ಪಾಲು ಬಿಗಿದು ಮುಚ್ಚಿದರೆ ಒಳಗಿನ ಹಬೆಗೇ ಬೂಸಲು ಹಿಡಿಯುತ್ತದೆ. ಅಡಿಕೆ ಇಡುವ ಮಾಡಿನ ಕೆಳಗೆ, ಸುತ್ತ ಗಾಳಿಯಾಡುವಂತೆ ನಿಲ್ಲಿಸಿ. ಎತ್ತರವನ್ನೂ ಗೇಟಿನ ಅಗಲವನ್ನೂ ಈಗಲೇ ಅಳೆದಿಟ್ಟುಕೊಳ್ಳಿ. ಆಕ್ಸಲಿನ ಎರಡೂ ಬದಿ ಚಿರೆಕಲ್ಲು ಪೇರಿಸಿ ಚಕ್ರ ನೆಲದಿಂದ ಎರಡು ಬೆರಳು ಮೇಲಿರುವಂತೆ ಎತ್ತಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಹಾಸಿಗೆಗಳನ್ನು ಮನೆಯ ಅಟ್ಟಕ್ಕೆ ಸಾಗಿಸಿ, ಬೀರುಗಳ ಬಾಗಿಲನ್ನೆಲ್ಲ ತೆರೆದಿಡಿ. ತಿಂಗಳಿಗೊಮ್ಮೆ ಮಕ್ಕಳ ಕೈಯಲ್ಲಿ ಚಕ್ರ ತಿರುಗಿಸಿದರೆ ಬೇರಿಂಗಿಗೂ ಒಳ್ಳೆಯದು, ಹೆಗ್ಗಣ ಒಳಗೆ ಗೂಡು ಕಟ್ಟಿದ್ದರೆ ಅದೂ ತಿಳಿಯುತ್ತದೆ.